ಹಾಡಿಗೆ ಹೆಗಲು ಕೊಡುವ ಆರು ತಂತಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಈ ನಾಲ್ಕು ಊರುಗಳಲ್ಲಿ ನನ್ನ ಹತ್ತಿರ ಗಿಟಾರ್ ಕಲಿಯಲು ಬರುವವರು ಸಂಗೀತಕ್ಕೆ ಹೊಸಬರಲ್ಲ. ಬೆಳಗಿನ ಜಾವದವರೆಗೂ ನಡೆಯುವ ಕುರುಕ್ಷೇತ್ರ ನಾಟಕದ ಹಾರ್ಮೋನಿಯಂ, ಭಜನೆ ಮನೆಯ ತಾಳ, ಮದುವೆಯ ಸೋಬಾನೆ, ಹಬ್ಬದ ತಮಟೆ ಕೇಳಿಕೊಂಡೇ ಬೆಳೆದವರು. ‘ಮೈಸೂರು ಮಲ್ಲಿಗೆ’ಯ ಕವಿ ಕೆ.ಎಸ್. ನರಸಿಂಹಸ್ವಾಮಿ 1915ರಲ್ಲಿ ಹುಟ್ಟಿದ್ದು ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ. ಗೀತನಾಟಕಗಳನ್ನು ಬರೆದ ಪು.ತಿ.ನ. 1905ರಲ್ಲಿ ಹುಟ್ಟಿದ್ದು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ. ಹಾಡಿಗೆ ಈ ಸೀಮೆಯಲ್ಲಿ ಬರವಿಲ್ಲ.

ಬರುವವರ ಆಸೆಯೂ ದೊಡ್ಡದಲ್ಲ. ಕಾಲೇಜಿನ ವಾರ್ಷಿಕೋತ್ಸವದಲ್ಲೋ ಗಣೇಶನ ಪೆಂಡಾಲಿನಲ್ಲೋ ಮನೆಯ ಜಗಲಿಯಲ್ಲೋ ಒಂದು ಭಾವಗೀತೆಯನ್ನು ತಾವೇ ಗಿಟಾರ್ ಹಿಡಿದು ಹಾಡಬೇಕು, ಅಷ್ಟೆ. ಅದಕ್ಕೆ ಓಪನ್ ಕಾರ್ಡ್‌ಗಳು ಸಾಕು. ಗಿಟಾರ್‌ನ ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗಳಲ್ಲಿ, ಅಂದರೆ ಫ್ರೆಟ್‌ಗಳಲ್ಲಿ, ಮೊದಲ ಮೂರರೊಳಗೆ ಎರಡೋ ಮೂರೋ ತಂತಿಗಳನ್ನು ಒತ್ತಿ, ಉಳಿದವನ್ನು ಒತ್ತದೆ ಬಿಟ್ಟು ನುಡಿಸುವ ಕಾರ್ಡ್‌ಗಳಿವು. ಇ ಮೈನರ್, ಇ, ಎ ಮೈನರ್, ಸಿ, ಜಿ, ಡಿ ಎಂಬ ಆರು ಬಂದರೆ ನೂರಾರು ಹಾಡುಗಳಿಗೆ ದಾರಿಯಾಗುತ್ತದೆ. ಇವನ್ನು ಕಲಿಸುತ್ತ ನನಗೆ ಗಟ್ಟಿಯಾದ ಪಾಠಗಳನ್ನು ಇಲ್ಲಿ ಬರೆದಿದ್ದೇನೆ. ಎಲ್ಲದರ ತಿರುಳು ಒಂದೇ: ಕಾರ್ಡ್ ಇರುವುದು ಹಾಡುವವರಿಗೆ ಹೆಗಲು ಕೊಡಲು. ಎಷ್ಟು ಕಾರ್ಡ್ ಗೊತ್ತು ಎಂಬುದಕ್ಕಿಂತ, ಗೊತ್ತಿರುವುದು ಹಾಡನ್ನು ನಿಲ್ಲಿಸದೆ ನಡೆಸುತ್ತದೆಯೇ ಎಂಬುದು ಮುಖ್ಯ.

1. ಬಣ್ಣ ನೋಡಬೇಡಿ, ತಂತಿಯ ಎತ್ತರ ನೋಡಿ

ಗಿಟಾರ್ ಕೊಳ್ಳಲು ಮೈಸೂರಿಗೆ ಹೋಗುವವರಿಗೆ ನಾನು ಹೇಳುವುದು, ಜೇಬಿನಲ್ಲಿ ಒಂದು ಸ್ಕೇಲ್ ಇಟ್ಟುಕೊಂಡು ಹೋಗಿ ಎಂದು. ಹನ್ನೆರಡನೇ ಫ್ರೆಟ್‌ನ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಸ್ಟೀಲ್ ತಂತಿಯ ಗಿಟಾರ್‌ನಲ್ಲಿ 2ರಿಂದ 2.5 ಮಿ.ಮೀ. ಇದ್ದರೆ ಕಲಿಯುವವರಿಗೆ ಹಿತ. ಮೂರೂವರೆ, ನಾಲ್ಕು ಮಿ.ಮೀ. ಇದ್ದರೆ ಎಷ್ಟು ಒತ್ತಿದರೂ ನಾದ ಸರಿಯಾಗಿ ಬರುವುದಿಲ್ಲ. ಕಲಿಯುವವರು ತಮ್ಮ ಕೈಗೇ ಶಕ್ತಿಯಿಲ್ಲ ಎಂದುಕೊಂಡು ಬಿಟ್ಟುಬಿಡುತ್ತಾರೆ. ಎಷ್ಟೋ ಮನೆಗಳಲ್ಲಿ ಅಟ್ಟ ಸೇರಿರುವ ಗಿಟಾರ್‌ಗಳ ಕಥೆ ಇದೇ. ರಿಪೇರಿ ಬಲ್ಲವರ ಕೈಯಲ್ಲಿ ಎತ್ತರ ತಗ್ಗಿಸಿಕೊಂಡರೆ ಅವು ಇವತ್ತಿಗೂ ಕೆಲಸಕ್ಕೆ ಬರುತ್ತವೆ.

ನೈಲಾನ್ ತಂತಿಯ ಗಿಟಾರ್‌ಗೆ ಸ್ಟೀಲ್ ತಂತಿ ಕಟ್ಟಬೇಡಿ. ಆರು ಸ್ಟೀಲ್ ತಂತಿಗಳು ಸೇರಿ ಸುಮಾರು 70 ಕೆ.ಜಿ.ಯಷ್ಟು ಎಳೆತ ಹಾಕುತ್ತವೆ. ಅದನ್ನು ತಡೆಯುವಂತೆ ನೈಲಾನ್ ಗಿಟಾರ್‌ನ ಮರವನ್ನು ಕಟ್ಟಿರುವುದಿಲ್ಲ. ತಂತಿ ಕಟ್ಟಿರುವ ಬ್ರಿಜ್ ಕಿತ್ತು ಬರುತ್ತದೆ. ಗಿಟಾರನ್ನು ಬಿಸಿಲು ಬೀಳುವ ಕಿಟಕಿಯ ಪಕ್ಕ, ನಿಲ್ಲಿಸಿದ ಕಾರಿನೊಳಗೆ ಇಡುವುದೂ ಬೇಡ. ಬಿಸಿಗೆ ಅಂಟು ಬಿಡುತ್ತದೆ, ಕುತ್ತಿಗೆ ಬಾಗುತ್ತದೆ.

2. ಮೊದಲು ಶ್ರುತಿ, ಆಮೇಲೆ ಮಾತು

ಶ್ರುತಿ ತಪ್ಪಿದ ಗಿಟಾರ್‌ನಲ್ಲಿ ಸರಿಯಾದ ಕಾರ್ಡ್ ಹಿಡಿದರೂ ಕಿವಿಗೆ ತಪ್ಪಾಗಿಯೇ ಕೇಳುತ್ತದೆ. ಹಾಗಾಗಿ ಪ್ರತಿ ದಿನ ಮೊದಲ ಐದು ನಿಮಿಷ ಶ್ರುತಿಗೆ ಮೀಸಲು. ದಪ್ಪ ತಂತಿಯಿಂದ (ಅದು ಆರನೆಯದು) ಸಣ್ಣ ತಂತಿಯವರೆಗೆ (ಅದು ಒಂದನೆಯದು) ಇ, ಎ, ಡಿ, ಜಿ, ಬಿ, ಇ. ನಾಟಕದ ಹಾರ್ಮೋನಿಯಂ ಇರುವ ಮನೆಯ ಹುಡುಗರಿಗೆ ನಾನು ಇದನ್ನು ಬೇರೆ ರೀತಿ ಹೇಳುತ್ತೇನೆ: ಬಿಳಿ ಮೂರು, ಬಿಳಿ ಆರು, ಬಿಳಿ ಎರಡು, ಬಿಳಿ ಐದು, ಬಿಳಿ ಏಳು, ಮತ್ತೆ ಬಿಳಿ ಮೂರು. ಒಂದೂ ಕಪ್ಪು ಮನೆಯಿಲ್ಲ. ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಮೊಬೈಲ್‌ನ ಟ್ಯೂನರ್ ಬಳಸಿ, ತಪ್ಪಿಲ್ಲ. ಆದರೆ ಅದರ ಜೊತೆಗೆ ಕಿವಿಯನ್ನೂ ಪಳಗಿಸಿ. ಆರನೇ ತಂತಿಯ ಐದನೇ ಫ್ರೆಟ್ ಒತ್ತಿದರೆ ಐದನೇ ತಂತಿಯ ಸ್ವರ ಬರಬೇಕು. ಐದರಿಂದ ನಾಲ್ಕಕ್ಕೆ, ನಾಲ್ಕರಿಂದ ಮೂರಕ್ಕೆ ಇದೇ ಲೆಕ್ಕ. ಮೂರರಿಂದ ಎರಡಕ್ಕೆ ಮಾತ್ರ ನಾಲ್ಕನೇ ಫ್ರೆಟ್, ಎರಡರಿಂದ ಒಂದಕ್ಕೆ ಮತ್ತೆ ಐದು. ತಂತಿಯನ್ನು ಯಾವಾಗಲೂ ಕೆಳಗಿನ ಸ್ವರದಿಂದ ಮೇಲಕ್ಕೆ ಏರಿಸಿ ನಿಲ್ಲಿಸಿ. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಬೇಗ ಸಡಿಲಾಗುತ್ತದೆ.

3. ಬೆರಳು ದಪ್ಪ ಎಂಬುದು ನೆಪವಲ್ಲ, ಆದರೆ ಅಡ್ಡಿಯೂ ಅಲ್ಲ

ಪಾಂಡವಪುರದ ಕಡೆ ಕಬ್ಬಿನ ಗದ್ದೆಯಲ್ಲಿ ದುಡಿಯುವ ಒಬ್ಬ ಯುವಕ ಸಿ ಕಾರ್ಡ್ ಹಿಡಿದು, “ಏನ್ ಸಾ, ಬರೀ ಟರ್ ಅಂತದೆ, ನನ್ ಬೆಳ್ಳು ಇದಕ್ಕೆ ಆಗಾಕಿಲ್ಲ” ಎಂದ. ನಾನು ಅವನ ಕೈಯನ್ನು ಹತ್ತಿರದಿಂದ ನೋಡಿದೆ. ತೋರುಬೆರಳು ಎರಡನೇ ತಂತಿಯ ಮೇಲೆ ಅಡ್ಡವಾಗಿ ಮಲಗಿತ್ತು, ಅದರ ಹೊಟ್ಟೆ ಒಂದನೇ ತಂತಿಯನ್ನು ಮುಟ್ಟುತ್ತಿತ್ತು. ಉಂಗುರಬೆರಳು ಐದನೇ ತಂತಿಯಲ್ಲಿ ಮೂರನೇ ಫ್ರೆಟ್‌ನಿಂದ ದೂರ, ಎರಡನೆಯದರ ಹತ್ತಿರ ಕೂತಿತ್ತು. ಹೆಬ್ಬೆರಳು ಕುತ್ತಿಗೆಯ ಮೇಲಿಂದ ಇಣುಕುತ್ತಿತ್ತು. ನಾನು ಹೇಳಿದಂತೆ ಹೆಬ್ಬೆರಳನ್ನು ಕುತ್ತಿಗೆಯ ಹಿಂದಿನ ನಡುಭಾಗಕ್ಕೆ ಇಳಿಸಿದ. ಮಣಿಕಟ್ಟು ತಾನಾಗಿಯೇ ಸ್ವಲ್ಪ ಮುಂದೆ ಬಂತು, ಬೆರಳ ಗೆಣ್ಣುಗಳು ಮಡಚಿ ತುದಿ ನೆಟ್ಟಗೆ ನಿಂತವು. ಉಂಗುರಬೆರಳನ್ನು ಮೂರನೇ ಫ್ರೆಟ್‌ನ ಲೋಹದ ಪಟ್ಟಿಗೆ ತಾಗಿಯೂ ತಾಗದಂತೆ ಹಿಂದೆಯೇ ಇಟ್ಟ. ಐದು ತಂತಿಗಳೂ ನುಡಿದವು.

ಆದ್ದರಿಂದ ಒಂದು ಪದ್ಧತಿ ಮಾಡಿಕೊಳ್ಳಿ. ಕಾರ್ಡ್ ಹಿಡಿದ ಮೇಲೆ ಒಮ್ಮೆಲೇ ಮೀಟದೆ ಒಂದೊಂದೇ ತಂತಿ ಮೀಟಿ ಕೇಳಿ. ಯಾವುದು ಟರ್ ಎನ್ನುತ್ತದೋ ಅದನ್ನು ಒತ್ತಿದ ಬೆರಳು ಫ್ರೆಟ್‌ನಿಂದ ದೂರ ಇದೆ. ಯಾವುದು ಮೂಕವಾಗಿದೆಯೋ ಅದಕ್ಕೆ ಪಕ್ಕದ ಬೆರಳು ತಾಗುತ್ತಿದೆ. ಒತ್ತಡ ಹೆಚ್ಚಿಸುವುದು ಕೊನೆಯ ಉಪಾಯ. ಅತಿಯಾಗಿ ಒತ್ತಿದರೆ, ತಂತಿಯನ್ನು ಪಕ್ಕಕ್ಕೆ ಎಳೆದರೆ ಸ್ವರ ಮೇಲೇರುತ್ತದೆ. ವೀಣೆಯಲ್ಲಿ ಗಮಕಕ್ಕೆ ಬೇಕಾದ ಆ ಎಳೆತ ಕಾರ್ಡ್‌ನಲ್ಲಿ ಅಪಸ್ವರ.

ನಿಜವಾಗಿಯೂ ಬೆರಳು ತುಂಬ ಅಗಲವಿದ್ದರೆ ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ನೋಡಬಹುದು. ಮಾಮೂಲಿ ಸ್ಟೀಲ್ ಗಿಟಾರ್‌ನ ಕುತ್ತಿಗೆ ತುದಿಯಲ್ಲಿ ಸುಮಾರು 43 ಮಿ.ಮೀ. ಅಗಲವಿದ್ದರೆ ಅದರದು ಸುಮಾರು 52. ತಂತಿ ತಂತಿಗಳ ನಡುವೆ ಜಾಗ ಹೆಚ್ಚು.

4. ಪುಟ್ಟ ಕೈಗೆ ಮೂರನೇ ಫ್ರೆಟ್‌ನಲ್ಲಿ ಕ್ಯಾಪೊ

ಗಿಟಾರ್‌ನ ಮೊದಲ ಫ್ರೆಟ್‌ನ ಜಾಗವೇ ಎಲ್ಲಕ್ಕಿಂತ ಅಗಲ, ಸುಮಾರು 36 ಮಿ.ಮೀ. ಮುಂದೆ ಹೋದಂತೆ ಕಿರಿದಾಗುತ್ತದೆ. ಓಪನ್ ಕಾರ್ಡ್‌ಗಳೆಲ್ಲ ಈ ಅಗಲದ ಜಾಗದಲ್ಲೇ ಇರುವುದರಿಂದ ಎಂಟು ಹತ್ತು ವರ್ಷದ ಮಕ್ಕಳಿಗೆ ಸಿ ಕಾರ್ಡ್ ಎಟುಕುವುದಿಲ್ಲ. ಮೂರನೇ ಫ್ರೆಟ್‌ಗೆ ಕ್ಯಾಪೊ, ಅಂದರೆ ಆರೂ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್, ಕಚ್ಚಿಸಿ. ಈಗ ಮೊದಲ ಜಾಗ ಸುಮಾರು 31 ಮಿ.ಮೀ. ಆಗುತ್ತದೆ, ಅಲ್ಲಿ ತಂತಿ ಒತ್ತುವುದೂ ಹಗುರ. ಕಾರ್ಡ್‌ನ ಆಕಾರ ಅದೇ. ಕೈ ಬೆಳೆದಂತೆ ಕ್ಯಾಪೊವನ್ನು ಒಂದೊಂದೇ ಫ್ರೆಟ್ ಹಿಂದಕ್ಕೆ ತಂದರೆ ಆಯಿತು.

5. ನೋವಿಗೆ ಹೆದರಬೇಡಿ, ಮರಗಟ್ಟುವಿಕೆಗೆ ಹೆದರಿ

ಮೊದಲ ಕೆಲವು ವಾರ ಬೆರಳ ತುದಿ ಉರಿಯುತ್ತದೆ, ಆಮೇಲೆ ಚರ್ಮ ಗಟ್ಟಿಯಾಗುತ್ತದೆ. ದಿನಕ್ಕೆ ಎರಡು ಹೊತ್ತು ಹದಿನೈದು ಹದಿನೈದು ನಿಮಿಷ ನುಡಿಸುವುದು, ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ಮೇಲು. ಪಾತ್ರೆ ತೊಳೆದ, ಸ್ನಾನ ಮಾಡಿದ ಕೂಡಲೇ ನುಡಿಸಬೇಡಿ. ನೆನೆದ ಚರ್ಮಕ್ಕೆ ತಂತಿ ಕೊರೆಯುತ್ತದೆ. ಎಡಗೈ ಉಗುರು ಚಿಕ್ಕದಾಗಿರಲಿ. ಆದರೆ ಮಣಿಕಟ್ಟು ನೋಯುತ್ತಿದ್ದರೆ, ಬೆರಳು ಜೋಮು ಹಿಡಿದರೆ ಅಲ್ಲಿಗೆ ನಿಲ್ಲಿಸಿ. ಅದು ಕೂರುವ ಭಂಗಿ ಸರಿಯಿಲ್ಲ ಎಂಬುದರ ಸೂಚನೆ.

6. ಒಂದು ಬೆರಳು ಎತ್ತಿ, ಗಾಂಧಾರ ಕೇಳಿ

ಮೊದಲ ಕಾರ್ಡ್ ಇ ಮೈನರ್. ಐದು ಮತ್ತು ನಾಲ್ಕನೇ ತಂತಿಗಳ ಎರಡನೇ ಫ್ರೆಟ್‌ನಲ್ಲಿ ನಡುಬೆರಳು, ಉಂಗುರಬೆರಳು. ಆರೂ ತಂತಿ ಮೀಟಿ. ಈಗ ಮೂರನೇ ತಂತಿಯ ಮೊದಲ ಫ್ರೆಟ್‌ನಲ್ಲಿ ತೋರುಬೆರಳು ಇಡಿ. ಅದು ಇ ಮೇಜರ್. ಎತ್ತಿ, ಇಡಿ, ಮತ್ತೆ ಎತ್ತಿ. ಬದಲಾಗುತ್ತಿರುವುದು ಒಂದೇ ಸ್ವರ. ಷಡ್ಜವೂ ಪಂಚಮವೂ ಇದ್ದಲ್ಲೇ ಇವೆ. ಸಾಧಾರಣ ಗಾಂಧಾರವಿದ್ದ ಕಡೆ ಅಂತರ ಗಾಂಧಾರ ಬಂತು.

ಸಂಗೀತದ ಪಾಠಕ್ಕೆ ಹೋದ ಮಕ್ಕಳು ಇದನ್ನು ಕೇಳಿದ ಕೂಡಲೇ ಗುರುತಿಸುತ್ತಾರೆ. ಮೇಜರ್ ಎಂದರೆ ಸ, ಅಂತರ ಗಾಂಧಾರ, ಪ. ಮೈನರ್ ಎಂದರೆ ಸ, ಸಾಧಾರಣ ಗಾಂಧಾರ, ಪ. ಹಾಡಿಗೆ ಯಾವ ಕಾರ್ಡ್ ಹೊಂದುತ್ತದೆ ಎಂಬ ಮುಂದಿನ ಎಲ್ಲ ಪ್ರಶ್ನೆಗಳಿಗೂ ಉತ್ತರ ಹುಟ್ಟುವುದು ಇಲ್ಲಿಂದ. ಪಟ್ಟಿ ನೋಡಿ ಬಾಯಿಪಾಠ ಮಾಡಿದವರು ಹಾಡು ಬದಲಾದರೆ ಕೈಚೆಲ್ಲುತ್ತಾರೆ. ಗಾಂಧಾರ ಕೇಳಿಸಿಕೊಂಡವರು ಹುಡುಕಿಕೊಳ್ಳುತ್ತಾರೆ.

7. ಕಾರ್ಡ್‌ಗಳನ್ನು ಒಂಟಿಯಾಗಿ ಕಲಿಯಬೇಡಿ, ನೆಂಟಸ್ತಿಕೆ ನೋಡಿ ಕಲಿಯಿರಿ

ಇ ಕಾರ್ಡ್‌ನ ಮೂರು ಬೆರಳನ್ನೂ ಹಾಗೆಯೇ ಒಂದು ತಂತಿ ಕೆಳಕ್ಕೆ ಸರಿಸಿದರೆ ಎ ಮೈನರ್. ಎ ಮೈನರ್‌ನಲ್ಲಿ ತೋರುಬೆರಳು, ನಡುಬೆರಳು ಕದಲಿಸದೆ ಉಂಗುರಬೆರಳನ್ನು ಮಾತ್ರ ಐದನೇ ತಂತಿಯ ಮೂರನೇ ಫ್ರೆಟ್‌ಗೆ ಒಯ್ದರೆ ಸಿ. ಇಷ್ಟರಲ್ಲಿ ಮೂರು ಕಾರ್ಡ್ ಆಯಿತು.

ಇನ್ನೊಂದು ಗುಂಪು ಇದಕ್ಕಿಂತ ಸುಲಭ. ಒಂದು ಮತ್ತು ಎರಡನೇ ತಂತಿಗಳ ಮೂರನೇ ಫ್ರೆಟ್‌ನಲ್ಲಿ ಕಿರುಬೆರಳು, ಉಂಗುರಬೆರಳು ಇಟ್ಟು ಅಲ್ಲೇ ಬಿಡಿ. ತೋರುಬೆರಳು ಐದನೇ ತಂತಿಯ ಎರಡರಲ್ಲಿ, ನಡುಬೆರಳು ಆರನೇ ತಂತಿಯ ಮೂರರಲ್ಲಿ ಇದ್ದರೆ ಜಿ. ಆ ಎರಡೂ ಬೆರಳು ಒಂದೊಂದು ತಂತಿ ಕೆಳಗಿಳಿದರೆ ಸಿ ಆ್ಯಡ್ ನೈನ್. ತೋರುಬೆರಳು ಐದನೇ ತಂತಿಯ ಎರಡರಲ್ಲಿ, ನಡುಬೆರಳು ನಾಲ್ಕನೇ ತಂತಿಯ ಎರಡರಲ್ಲಿ ಇದ್ದರೆ ಇ ಮೈನರ್ ಸೆವೆನ್. ಡಿ ಕಾರ್ಡ್‌ಗೆ ಬರುವಾಗಲೂ ಉಂಗುರಬೆರಳು ಇದ್ದಲ್ಲೇ ಇರುತ್ತದೆ. ಕಿರುಬೆರಳು ಎತ್ತಿ, ತೋರುಬೆರಳನ್ನು ಮೂರನೇ ತಂತಿಯ ಎರಡಕ್ಕೆ, ನಡುಬೆರಳನ್ನು ಒಂದನೇ ತಂತಿಯ ಎರಡಕ್ಕೆ ತಂದರೆ ಸಾಕು. ಕದಲದ ಆ ಒಂದು ಬೆರಳು ಇಡೀ ಕೈಗೆ ದಾರಿ ತೋರಿಸುತ್ತದೆ.

ಜೊತೆಗೆ ಯಾವ ತಂತಿಯಿಂದ ಮೀಟಬೇಕು ಎಂಬುದೂ ನೆನಪಿರಲಿ. ಇ, ಜಿ ಕಾರ್ಡ್‌ಗಳಿಗೆ ಆರೂ ತಂತಿ. ಎ ಮೈನರ್, ಸಿ ಕಾರ್ಡ್‌ಗಳಿಗೆ ಐದರಿಂದ. ಡಿ ಕಾರ್ಡ್‌ಗೆ ನಾಲ್ಕರಿಂದ.

8. ಅಭ್ಯಾಸ ಕಾರ್ಡ್‌ನದಲ್ಲ, ಬದಲಾವಣೆಯದು

ಸಿ ಕಾರ್ಡ್ ಹಿಡಿದು ಹತ್ತು ನಿಮಿಷ ಮೀಟಿದರೆ ಏನೂ ಕಲಿತಂತಾಗಲಿಲ್ಲ. ಹಾಡು ಮುರಿಯುವುದು ಸಿ ಕಾರ್ಡ್‌ನಿಂದ ಜಿ ಕಾರ್ಡ್‌ಗೆ ಹೋಗುವ ಗಳಿಗೆಯಲ್ಲಿ. ಎರಡು ಕಾರ್ಡ್ ಆರಿಸಿಕೊಂಡು, ಮೊಬೈಲ್‌ನಲ್ಲಿ ಒಂದು ನಿಮಿಷ ಇಟ್ಟು, ಎಷ್ಟು ಸಲ ಸ್ವಚ್ಛವಾಗಿ ಬದಲಾಯಿಸಿದಿರಿ ಎಂದು ಎಣಿಸಿ ಬರೆದಿಡಿ. ನಿಮಿಷಕ್ಕೆ 30 ಸಲ ಬಂದರೆ ನಿಧಾನದ ಹಾಡಿಗೆ ಕೈ ಸಿದ್ಧವಾಯಿತು. 60 ಬಂದರೆ ಹೆಚ್ಚಿನ ಹಾಡುಗಳಿಗೆ ಸಾಕು.

ಬೆರಳುಗಳನ್ನು ಒಂದರ ಹಿಂದೆ ಒಂದು ಇಡುವ ಅಭ್ಯಾಸ ಬೇಡ. ತಂತಿಯ ಮೇಲೆ ಗಾಳಿಯಲ್ಲೇ ಆಕಾರ ಮಾಡಿಕೊಂಡು ಮೂರೂ ಬೆರಳು ಒಟ್ಟಿಗೆ ಇಳಿಯಲಿ. ಇಳಿಸಿ, ಒತ್ತಿ, ಸಡಿಲಿಸಿ, ಎತ್ತಿ, ಮತ್ತೆ ಇಳಿಸಿ. ಬಲಗೈ ಸುಮ್ಮನಿರಲಿ. ಸದ್ದಿಲ್ಲದ ಈ ಅಭ್ಯಾಸವನ್ನು ಮನೆಯವರು ಮಲಗಿದ ಮೇಲೂ ಮಾಡಬಹುದು.

9. ಎಡಗೈ ತಡವಾದರೂ ಬಲಗೈ ನಿಲ್ಲಬಾರದು

ಹಾಡುವವರು ನಿಮ್ಮ ಬೆರಳಿಗಾಗಿ ಕಾಯುವುದಿಲ್ಲ. ಕಾರ್ಡ್ ಅರ್ಧ ಮಾತ್ರ ಬಂದಿದ್ದರೂ ತಾಳದ ಮೇಲೆ ಬಲಗೈ ಬೀಳಲೇಬೇಕು. ಒಂದು ತಂತಿ ಮೂಕವಾದರೆ ಕೇಳುವವರಿಗೆ ಗೊತ್ತಾಗುವುದಿಲ್ಲ, ತಾಳ ತಪ್ಪಿದರೆ ಎಲ್ಲರಿಗೂ ಗೊತ್ತಾಗುತ್ತದೆ.

ನಮ್ಮ ಸುಗಮ ಸಂಗೀತದ ತಬಲಾದವರು ಹೆಚ್ಚಾಗಿ ನುಡಿಸುವುದು ಆರು ಮಾತ್ರೆಯ ದಾದ್ರಾ, ಎಂಟು ಮಾತ್ರೆಯ ಕೆಹರ್ವಾ. ಇವೆರಡಕ್ಕೆ ಕೈ ಕೂರಿಸಿಕೊಳ್ಳಿ. ದಾದ್ರಾಕ್ಕೆ ಒಂದರ ಮೇಲೆ ಕಾರ್ಡ್‌ನ ದಪ್ಪ ತಂತಿಯೊಂದೇ, ಎರಡು ಮೂರಕ್ಕೆ ಉಳಿದ ತಂತಿಗಳು; ನಾಲ್ಕು, ಐದು, ಆರಕ್ಕೆ ಮತ್ತೆ ಅದೇ. ಕೆಹರ್ವಾಕ್ಕೆ ಕೆಳಗೆ, ಕೆಳಗೆ ಮೇಲೆ, ಮೇಲೆ, ಕೆಳಗೆ ಮೇಲೆ. ಗಿಟಾರ್ ಮುಟ್ಟುವ ಮೊದಲು ತೊಡೆಯ ಮೇಲೆ ತಟ್ಟಿಕೊಂಡು ಹಾಡಿ. ಭಜನೆ ಮನೆಯಲ್ಲಿ ತಾಳ ಹಾಕಿದ ಹುಡುಗರಿಗೆ ಈ ಪಾಠ ಅರ್ಧ ಮುಗಿದೇ ಇರುತ್ತದೆ.

10. ಹಾಡುವವರ ಶ್ರುತಿಗೆ ಗಿಟಾರ್ ಬರಲಿ, ಗಿಟಾರ್ ಶ್ರುತಿಗೆ ಅವರನ್ನು ಎಳೆಯಬೇಡಿ

ಮೂಲ ಹಾಡಿನ ಕಾರ್ಡ್‌ಗಳನ್ನು ಹಾಗೇ ನುಡಿಸಿ, ಮೇಲಿನ ಸ್ಥಾಯಿಯಲ್ಲಿ ಗಂಟಲು ಹರಿದುಕೊಳ್ಳುವವರನ್ನು ಎಷ್ಟೋ ವೇದಿಕೆಗಳಲ್ಲಿ ನೋಡುತ್ತೇನೆ. ಮೊದಲು ಹಾಡುವವರ ಶ್ರುತಿ ಕೇಳಿ. “ಕಪ್ಪು ಒಂದು” ಎಂದರೆ ಸಿ ಶಾರ್ಪ್: ಒಂದನೇ ಫ್ರೆಟ್‌ಗೆ ಕ್ಯಾಪೊ ಹಾಕಿ ಸಿ ಆಕಾರ ಹಿಡಿಯಿರಿ. ಬಿಳಿ ಎರಡು ಆದರೆ ಕ್ಯಾಪೊ ಇಲ್ಲದೆ ಡಿ. ಕಪ್ಪು ಎರಡು ಆದರೆ ಒಂದನೇ ಫ್ರೆಟ್‌ನಲ್ಲಿ ಕ್ಯಾಪೊ, ಡಿ ಆಕಾರ. ಬಿಳಿ ಐದರಲ್ಲಿ ಹಾಡುವ ಹೆಣ್ಣುಮಕ್ಕಳಿಗೆ ನೇರವಾಗಿ ಜಿ. ಕಪ್ಪು ನಾಲ್ಕಕ್ಕೆ ಕ್ಯಾಪೊ ಒಂದು, ಬಿಳಿ ಆರಕ್ಕೆ ಕ್ಯಾಪೊ ಎರಡು, ಎರಡಕ್ಕೂ ಜಿ ಆಕಾರವೇ. ಕಷ್ಟದ ಕಾರ್ಡ್ ಒಂದೂ ಕಲಿಯದೆ ಹಾರ್ಮೋನಿಯಂನ ಯಾವ ಮನೆಗಾದರೂ ಗಿಟಾರ್ ಹೋಗಬಲ್ಲದು. ಕ್ಯಾಪೊ ಬಳಸುವುದು ಕಲಿಯದವರ ಲಕ್ಷಣ ಎಂಬ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ.

11. ರಾಗ ಕೇಳಿ ಕಾರ್ಡ್ ಹಾಕಿ

ನಮ್ಮ ಹಾಡುಗಳು ರಾಗದಲ್ಲಿ ಹುಟ್ಟಿದವು. ರಾಗದಲ್ಲಿಲ್ಲದ ಸ್ವರವನ್ನು ಕಾರ್ಡ್ ತಂದು ತುರುಕಿದರೆ ಹಾಡಿನ ಮುಖವೇ ಬದಲಾಗುತ್ತದೆ. ಮೂರು ಉದಾಹರಣೆ ಕೊಡುತ್ತೇನೆ, ಗಿಟಾರ್ ಹಿಡಿದು ನೋಡಿ.

ಮೋಹನ, ಜಿ ಷಡ್ಜವಾದಾಗ: ಸ್ವರಗಳು ಜಿ, ಎ, ಬಿ, ಡಿ, ಇ. ಜಿ ಕಾರ್ಡ್ ಮತ್ತು ಇ ಮೈನರ್ ಎರಡೂ ಈ ಐದು ಸ್ವರಗಳೊಳಗೇ ಇವೆ. ಡಿ ಕಾರ್ಡ್ ಹಾಕಿದರೆ ಎಫ್ ಶಾರ್ಪ್, ಅಂದರೆ ಮೋಹನದಲ್ಲಿ ಇಲ್ಲದ ನಿಷಾದ ಬರುತ್ತದೆ. ಎರಡೇ ಕಾರ್ಡ್‌ನಲ್ಲಿ ಹಾಡು ಮುಗಿಸಲು ಧೈರ್ಯ ಮಾಡಿ.

ಕಲ್ಯಾಣಿ, ಅದೇ ಜಿ ಷಡ್ಜ: ಪ್ರತಿಮಧ್ಯಮ ಸಿ ಶಾರ್ಪ್. ಇಲ್ಲಿ ಅಭ್ಯಾಸಬಲದಿಂದ ಸಿ ಕಾರ್ಡ್ ಹಾಕಿದರೆ ಶುದ್ಧ ಮಧ್ಯಮ ಬಂದು ರಾಗ ಕೆಡುತ್ತದೆ. ಜಿ, ಡಿ, ಇ ಮೈನರ್, ಎ ಮೇಜರ್ ಇವೆಲ್ಲ ಹೊಂದುತ್ತವೆ.

ಹಿಂದೋಳ, ಎ ಷಡ್ಜ: ಸ್ವರಗಳು ಎ, ಸಿ, ಡಿ, ಎಫ್, ಜಿ. ಪಂಚಮವೇ ಇಲ್ಲ. ಹಾಗಾಗಿ ಕಿವಿಗೆ ಮೈನರ್‌ನಂತೆ ಕೇಳಿದರೂ ಎ ಮೈನರ್ ಸಲ್ಲುವುದಿಲ್ಲ. ಅದರಲ್ಲಿ ಪಂಚಮ ಇದೆ. ಡಿ ಮೈನರ್, ಎಫ್ ಹೊಂದುತ್ತವೆ.

ಜನಪದ ಗೀತೆಗಳಲ್ಲಿ ಇನ್ನೂ ಹಗುರವಾದ ಕೈ ಬೇಕು. ನಾಗಮಂಗಲ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು ಹಾಡುಗಳನ್ನು ಕಲೆಹಾಕಿ, ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಅಂಥ ಹಾಡುಗಳಲ್ಲಿ ಎಷ್ಟೋ ನಾಲ್ಕೈದು ಸ್ವರಗಳೊಳಗೆ ಸುತ್ತುತ್ತವೆ. ಅವಕ್ಕೆ ಒಂದೇ ಕಾರ್ಡ್, ಒಮ್ಮೊಮ್ಮೆ ಬರೀ ಷಡ್ಜ ಪಂಚಮ ಸಾಕು. ಹಿಂದೋಳದಂಥ ಪಂಚಮವಿಲ್ಲದ ರಾಗಗಳನ್ನು ಬಿಟ್ಟರೆ, ಸಂದೇಹ ಬಂದಾಗಲೆಲ್ಲ ಗಾಂಧಾರ ಬಿಟ್ಟು ತಂಬೂರಿಯಂತೆ ಸ–ಪ ಹಿಡಿಯಿರಿ, ಹಾಡಿಗೆ ತೊಂದರೆಯಾಗುವುದಿಲ್ಲ.

12. ಎಫ್ ಕಾರ್ಡ್ ಕಾಯಲಿ

ಒಂದೇ ಬೆರಳಲ್ಲಿ ಆರೂ ತಂತಿ ಒತ್ತುವ ಎಫ್ ಬಾರ್ ಕಾರ್ಡ್‌ನ ಹತ್ತಿರ ಗಿಟಾರ್ ಬಿಟ್ಟವರು ಬಹಳ. ಸದ್ಯಕ್ಕೆ ಎಫ್ ಮೇಜರ್ ಸೆವೆನ್ ಹಿಡಿಯಿರಿ: ನಾಲ್ಕನೇ ತಂತಿಯ ಮೂರು, ಮೂರನೇ ತಂತಿಯ ಎರಡು, ಎರಡನೇ ತಂತಿಯ ಒಂದು, ಒಂದನೇ ತಂತಿ ಖಾಲಿ. ಹೆಚ್ಚಿನ ಹಾಡುಗಳಲ್ಲಿ ಕೆಲಸ ನಡೆಯುತ್ತದೆ. ಆದರೆ ಆ ಖಾಲಿ ತಂತಿಯಲ್ಲಿ ಇರುವುದು ಇ ಸ್ವರ, ಹಿಂದೋಳಕ್ಕೆ ಬೇಡವಾದ ಪಂಚಮ. ಅಲ್ಲಿ ಒಂದನೇ ತಂತಿಯನ್ನು ಮೀಟದೆ ಬಿಡಿ.

13. “ಇದು ನಮ್ಮದಲ್ಲ” ಎಂಬ ಮಾತಿಗೆ ಉತ್ತರ ನುಡಿಸಾಣಿಕೆ

ಮನೆಯ ಹಿರಿಯರಿಗೆ ಈ ಅನುಮಾನ ಇದ್ದೇ ಇರುತ್ತದೆ. ಪಿಟೀಲೂ ಹೊರಗಿನಿಂದ ಬಂದ ವಾದ್ಯವೇ, ಮೈಸೂರು ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ನಮ್ಮ ಸಭೆಗಳಲ್ಲಿ ಮೆರೆಸಿದರು. ಶ್ರೀರಂಗಪಟ್ಟಣದಿಂದ ಕೂಗಳತೆಯ ಮೈಸೂರಿನ ಅರಮನೆಯಲ್ಲಿ ಕರ್ನಾಟಕ ಬ್ಯಾಂಡ್, ಇಂಗ್ಲಿಷ್ ಬ್ಯಾಂಡ್ ಎರಡೂ ಇದ್ದವು. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಜಯಚಾಮರಾಜೇಂದ್ರ ಒಡೆಯರೇ ಲಂಡನ್‌ನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆಗಿದ್ದರು. ನಮ್ಮ ಕಾಲದಲ್ಲಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಶಿಶುನಾಳ ಷರೀಫರ ಪದಗಳನ್ನು ಗಿಟಾರ್ ಹಿಡಿದೇ ಹೊಸ ತಲೆಮಾರಿಗೆ ಮುಟ್ಟಿಸಿದರು. ಇವನ್ನೆಲ್ಲ ವಾದಕ್ಕಾಗಿ ಹೇಳಬೇಕಿಲ್ಲ. ಅಜ್ಜಿಗೆ ಗೊತ್ತಿರುವ ಒಂದು ದೇವರನಾಮವನ್ನು ಅವರ ಶ್ರುತಿಯಲ್ಲೇ, ಎರಡು ಕಾರ್ಡ್‌ನಲ್ಲಿ ಮೆಲ್ಲಗೆ ನುಡಿಸಿ ಅವರಿಂದಲೇ ಹಾಡಿಸಿ. ಅಲ್ಲಿಗೆ ಆ ಪ್ರಶ್ನೆ ಮುಗಿಯುತ್ತದೆ.

14. ಏಳನೇ ಕಾರ್ಡ್‌ಗೆ ಮೊದಲು ಹತ್ತು ಹಾಡು

ಮೊಬೈಲ್ ತೆರೆದರೆ ದಿನಕ್ಕೊಂದು ಹೊಸ ಕಾರ್ಡ್ ಸಿಗುತ್ತದೆ. ಅದರ ಹಿಂದೆ ಹೋದವರಿಗೆ ಆಕಾರಗಳು ಬರುತ್ತವೆ, ಹಾಡು ಬರುವುದಿಲ್ಲ. ಆರು ಕಾರ್ಡ್ ಕೈಗೆ ಬಂದ ಮೇಲೆ ಹತ್ತು ಹಾಡು ಆರಿಸಿಕೊಳ್ಳಿ. ಪಲ್ಲವಿಯಿಂದ ಕೊನೆಯ ಚರಣದವರೆಗೆ ಎಲ್ಲೂ ನಿಲ್ಲಿಸದೆ ನುಡಿಸಿ. ಮೊದಲು ನೀವೇ ಹಾಡಿಕೊಂಡು, ಆಮೇಲೆ ಇನ್ನೊಬ್ಬರಿಗೆ. ಇನ್ನೊಬ್ಬರು ಹಾಡುವಾಗ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ, ಯಾವ ಮಾತಿನ ಮೇಲೆ ತಡೆಯುತ್ತಾರೆ ಎಂಬುದನ್ನು ಕೇಳಿಕೊಂಡು ಕೈ ನಡೆಸಬೇಕಾಗುತ್ತದೆ. ಒಬ್ಬರೇ ಕೂತು ಮಾಡುವ ಯಾವ ಅಭ್ಯಾಸದಲ್ಲೂ ಅದು ಸಿಗುವುದಿಲ್ಲ. ಅವರು ನಿಮ್ಮ ಕಡೆ ತಿರುಗಿ ನೋಡದೆ, ನಿರಾಳವಾಗಿ ಕೊನೆಯವರೆಗೂ ಹಾಡಿದರೆ ನಿಮಗೆ ಗಿಟಾರ್ ಬಂತೆಂದೇ ಲೆಕ್ಕ. ಏಳನೇ ಕಾರ್ಡ್ ಬೇಕೋ ಬೇಡವೋ ಎಂಬುದನ್ನು ಮುಂದಿನ ಹಾಡೇ ಹೇಳುತ್ತದೆ.